ಹೊಟ್ಟೆಯೊಳಗಿನ ರಕ್ತಸ್ರಾವ: ಮನೆಮಂದಿ ಅರಿಯಬೇಕಾದ ಸೂಚನೆಗಳು

ಕೈಗೆ ಕುಡುಗೋಲು ತಾಗಿ ನಾಲ್ಕು ಹನಿ ರಕ್ತ ಬಂದರೆ ಮನೆಯವರೆಲ್ಲ ಓಡಿ ಬರುತ್ತಾರೆ. ಅರಿಶಿನ ತರುವವರು ಒಬ್ಬರು, ಬಟ್ಟೆ ಹರಿದು ಕಟ್ಟುವವರು ಇನ್ನೊಬ್ಬರು. ಆದರೆ ಅದೇ ಮನೆಯ ಹಿರಿಯರೊಬ್ಬರ ಹೊಟ್ಟೆಯೊಳಗೆ ಮೂರು ದಿನಗಳಿಂದ ರಕ್ತ ಸೋರುತ್ತಿದ್ದರೂ ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಒಳಗಿನ ಗಾಯವೂ ತನ್ನ ಗುರುತನ್ನು ಹೊರಗೆ ತೋರಿಸಿಯೇ ತೋರಿಸುತ್ತದೆ. ಆದರೆ ಆ ಗುರುತು ಕಾಣಿಸಿಕೊಳ್ಳುವುದು ನಾವು ಮಾತನಾಡಲು ನಾಚುವ ಜಾಗದಲ್ಲಿ, ಅಂದರೆ ಶೌಚಾಲಯದಲ್ಲಿ. ಆದ್ದರಿಂದಲೇ ಇದನ್ನು ಕುರಿತು ಸಂಕೋಚವಿಲ್ಲದೆ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇವೆ. ಆ ಮನೆಯ ಹಿರಿಯ ತಾಯಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಮೊಣಕಾಲಿನ ನೋವು ಅವರಿಗೆ ಹಳೆಯದು. ಔಷಧ ಅಂಗಡಿಯಿಂದ ಮೊಮ್ಮಗ ತಂದುಕೊಡುತ್ತಿದ್ದ ನೋವಿನ ಗುಳಿಗೆಯನ್ನು ದಿನಕ್ಕೆ ಎರಡರಂತೆ ತಿಂಗಳುಗಟ್ಟಲೆ ನುಂಗುತ್ತಿದ್ದರು. ಒಂದು ದಿನ ಬೆಳಗಿನ ಪೂಜೆ ಮುಗಿಸಿ ಏಳುವಾಗ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ನಿಂತರು. ಮುಖ ಬಿಳಿಚಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು. ಮನೆಯವರು ಉಪವಾಸದ ನಿತ್ರಾಣವೆಂದು ಭಾವಿಸಿ ಬೆಲ್ಲದ ನೀರು ತರಲು ಹೊರಟರು. ಸೊಸೆಗೆ ಮಾತ್ರ ಏನೋ ಅನುಮಾನ ಬಂದು, "ಅತ್ತೀ, ಸಂಡಾಸಕ್ಕ ಸರಿಯಾಗಿ ಆಗಾಕ ಹತ್ತೈತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಏನ್ ಹೇಳಲವ್ವಾ, ನಾಕ್ ದಿನದಿಂದ ಡಾಂಬರ ಇದ್ದಂಗ ಹೊಂಟೈತಿ. ಉಷ್ಣ ಆಗಿರಬೇಕಂತ ಮಜ್ಜಿಗಿ ಕುಡದೆ. ಇಂಥಾದ್ದನ್ನ ಯಾರ ಮುಂದ ಹೇಳೂದು?" ಎಂದರು ಆ ತಾಯಿ.

ಆ ಒಂದು ಪ್ರಶ್ನೆ ಅವರನ್ನು ಉಳಿಸಿತು. ಬೆಲ್ಲದ ನೀರನ್ನು ಅಲ್ಲಿಯೇ ಬಿಟ್ಟು ಅವರನ್ನು ಆಸ್ಪತ್ರೆಗೆ ಒಯ್ದರು. ಜಠರದಲ್ಲಿ ಹುಣ್ಣಾಗಿ, ಅದರ ತಳದ ರಕ್ತನಾಳವೊಂದು ತೆರೆದುಕೊಂಡಿತ್ತು. ರಕ್ತ ಕೊಟ್ಟು, ಒಳಗೆ ನಳಿಕೆ ಇಳಿಸಿ ಆ ನಾಳವನ್ನು ಮುಚ್ಚಿದರು. ವಾರದೊಳಗೆ ಮನೆಗೆ ಬಂದರು. ಸೊಸೆ ಆ ಮಾತನ್ನು ಕೇಳದೆ ಹೋಗಿದ್ದರೆ, ಅಥವಾ ಅತ್ತೆ ನಾಚಿಕೊಂಡು "ಎಲ್ಲ ಸರಿಯಿದೆ" ಎಂದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ರಕ್ತ ಎಲ್ಲಿಂದ ಬರುತ್ತದೆ?

ನಾವು ಉಂಡ ಅನ್ನ ಬಾಯಿಯಿಂದ ಅನ್ನನಾಳಕ್ಕೆ, ಅಲ್ಲಿಂದ ಜಠರಕ್ಕೆ, ಅನಂತರ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಈ ಮೂರು ಭಾಗಗಳಲ್ಲಿ ಎಲ್ಲಿ ರಕ್ತ ಸೋರಿದರೂ ಅದನ್ನು ಜೀರ್ಣಾಂಗದ ಮೇಲ್ಭಾಗದ ರಕ್ತಸ್ರಾವವೆಂದು ವೈದ್ಯರು ಕರೆಯುತ್ತಾರೆ. ಇಲ್ಲಿ ಸೋರಿದ ರಕ್ತಕ್ಕೆ ಎರಡೇ ದಾರಿ. ಮೇಲೆ ಬಂದರೆ ವಾಂತಿಯಾಗುತ್ತದೆ, ಕೆಳಗೆ ಇಳಿದರೆ ಮಲದೊಡನೆ ಹೊರಬೀಳುತ್ತದೆ. ಎರಡೂ ದಾರಿಯಲ್ಲಿ ಅದು ತನ್ನ ಕೆಂಪು ಬಣ್ಣವನ್ನು ಕಳೆದುಕೊಂಡಿರಬಹುದು. ಜನ ಮೋಸಹೋಗುವುದು ಇಲ್ಲಿಯೇ. ರಕ್ತವೆಂದರೆ ಕೆಂಪು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿರುವುದರಿಂದ ಕಪ್ಪಾಗಿ ಬಂದ ರಕ್ತವನ್ನು ನಾವು ರಕ್ತವೆಂದೇ ತಿಳಿಯುವುದಿಲ್ಲ.

ಕಪ್ಪು ಮಲದ ಅರ್ಥ

ಜಠರದ ಆಮ್ಲ ಮತ್ತು ಕರುಳಿನ ಸೂಕ್ಷ್ಮಜೀವಿಗಳು ಸೇರಿ ರಕ್ತದ ಬಣ್ಣವನ್ನು ಬದಲಿಸುತ್ತವೆ. ಹಲವು ಗಂಟೆಗಳ ಕಾಲ ಕರುಳಿನಲ್ಲಿ ಸಾಗಿದ ರಕ್ತ ಹೊರಬರುವಾಗ ರಸ್ತೆಗೆ ಹಾಕುವ ಡಾಂಬರಿನಂತೆ ಕಡುಕಪ್ಪಾಗಿ, ಮೆತ್ತಗೆ, ಅಂಟಂಟಾಗಿ ಇರುತ್ತದೆ. ಅದಕ್ಕೊಂದು ಹೊಳಪೂ, ದಿನನಿತ್ಯದ ಮಲಕ್ಕಿಲ್ಲದ ಕಟುವಾದ ದುರ್ನಾತವೂ ಇರುತ್ತವೆ. ನೀರು ಹಾಕಿದರೂ ಬೇಗ ಜಾರುವುದಿಲ್ಲ. ಇಂತಹ ಮಲ ಉಂಟಾಗಲು 50ರಿಂದ 100 ಮಿಲಿಲೀಟರ್ ರಕ್ತ, ಅಂದರೆ ಸಣ್ಣ ಲೋಟದ ಚಹದಷ್ಟು, ಒಳಗೆ ಸೋರಿದರೆ ಸಾಕು. ಸ್ರಾವ ನಿಂತ ಮೇಲೂ ಕೆಲವು ದಿನ ಮಲ ಕಪ್ಪಾಗಿಯೇ ಇರಬಹುದು.

ಕಪ್ಪಾದುದೆಲ್ಲ ರಕ್ತವಲ್ಲ ಎಂಬುದನ್ನೂ ಹೇಳಬೇಕು. ಬಸುರಿಯರು ಮತ್ತು ರಕ್ತಹೀನತೆಯುಳ್ಳವರು ನುಂಗುವ ಕಬ್ಬಿಣಾಂಶದ ಗುಳಿಗೆಯಿಂದ ಮಲ ಕಪ್ಪು ಅಥವಾ ಕಡುಹಸಿರು ಆಗುತ್ತದೆ. ಆದರೆ ಅದು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಡಾಂಬರಿನಂತೆ ಅಂಟುವುದಿಲ್ಲ, ಆ ವಿಶೇಷ ದುರ್ನಾತವೂ ಇರುವುದಿಲ್ಲ. ಸೊಪ್ಪು ಹೆಚ್ಚು ಉಂಡಾಗಲೂ ಬಣ್ಣ ಗಾಢವಾಗಬಹುದು. ಬೀಟ್‌ರೂಟ್ ತಿಂದ ಮರುದಿನ ಕೆಂಪಾದ ಮಲ ಕಂಡು ಗಾಬರಿಯಾಗುವವರಿದ್ದಾರೆ. ಮೂಗಿನಿಂದ ಬಂದ ರಕ್ತವನ್ನು ನುಂಗಿದವರಿಗೂ ಕಪ್ಪು ಮಲ ಹೋಗಬಹುದು. ಆದರೂ ಅಂಟು, ಹೊಳಪು, ದುರ್ನಾತ ಈ ಮೂರೂ ಕೂಡಿದ್ದರೆ ತರ್ಕ ಮಾಡುತ್ತ ಕೂರಬಾರದು. ಕಬ್ಬಿಣದ ಗುಳಿಗೆ ತೆಗೆದುಕೊಳ್ಳುವವರಿಗೂ ಹೊಟ್ಟೆಯಲ್ಲಿ ರಕ್ತ ಸೋರಬಹುದಲ್ಲವೆ?

ಮಲದ ಮೇಲೆ ಅಥವಾ ಕೊನೆಯಲ್ಲಿ ಹನಿಹನಿಯಾಗಿ ಬೀಳುವ ಕೆಂಪು ರಕ್ತ ಹೆಚ್ಚಾಗಿ ಮೂಲವ್ಯಾಧಿಯದು. ಆದರೆ ಮೇಲ್ಭಾಗದ ಸ್ರಾವ ಬಹಳ ರಭಸವಾಗಿದ್ದಾಗ ರಕ್ತ ಕಪ್ಪಾಗಲು ಸಮಯವೇ ಸಿಗದೆ ಕೆಂಪಾಗಿಯೇ ಹರಿದುಬರುವುದುಂಟು. ಹಾಗೆ ಬರುವಾಗ ರೋಗಿಗೆ ತಲೆ ಸುತ್ತುತ್ತದೆ, ಮೈ ತಣ್ಣಗಾಗುತ್ತದೆ. ಅದನ್ನು ಮೂಲವ್ಯಾಧಿಯೆಂದು ಸುಮ್ಮನಿರುವುದು ಪ್ರಾಣಕ್ಕೆ ಎರವಾದೀತು.

ವಾಂತಿಯ ಬಣ್ಣ

ವಾಂತಿಯಲ್ಲಿ ಕೆಂಪು ರಕ್ತ ಕಂಡರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಜಠರದಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ ಆಮ್ಲದೊಡನೆ ಬೆರೆತು ಕಂದುಗಪ್ಪಾಗಿ ಹರಳುಹರಳಾಗುತ್ತದೆ. ಡಿಕಾಕ್ಷನ್ ಸೋಸಿದ ಮೇಲೆ ಉಳಿಯುವ ಕಾಫಿಪುಡಿಯ ಗಷ್ಟನ್ನು ನೀರಿನಲ್ಲಿ ಕದಡಿದಂತೆ ಅದು ಕಾಣುತ್ತದೆ. ಇದನ್ನು "ಪಿತ್ತ" ಎಂದು ತಿಳಿದು ಲಿಂಬೆರಸ ಕುಡಿಸುವ ಮನೆಗಳಿವೆ. ಪಿತ್ತದ ವಾಂತಿ ಹಳದಿ ಅಥವಾ ಹಸಿರಾಗಿರುತ್ತದೆ. ಕಾಫಿ ಗಷ್ಟಿನಂತಿರುವುದು ಹೆಚ್ಚಾಗಿ ರಕ್ತವೇ ಆಗಿರುತ್ತದೆ. ಕೆಮ್ಮಿನೊಡನೆ ನೊರೆನೊರೆಯಾಗಿ ಬರುವ ರಕ್ತ ಶ್ವಾಸಕೋಶದ್ದು. ಅದಕ್ಕೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದರೂ ಅದರ ವಿಚಾರವೇ ಬೇರೆ.

ದೇಹ ಕೊಡುವ ಇತರ ಎಚ್ಚರಿಕೆಗಳು

ಪ್ರಾಯದ ವ್ಯಕ್ತಿಯ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಮುಕ್ಕಾಲು ಲೀಟರಿನಷ್ಟು ಹೋದರೂ ಮಲಗಿರುವ ವ್ಯಕ್ತಿಯಲ್ಲಿ ವಿಶೇಷ ಲಕ್ಷಣಗಳು ಕಾಣದೆ ಇರಬಹುದು. ಒಂದೂವರೆ ಲೀಟರಿನತ್ತ ಸಾಗಿದಾಗ ನಾಡಿ ಓಡತೊಡಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ರಕ್ತದೊತ್ತಡ ಕುಸಿಯುವುದು ಅದಕ್ಕೂ ಮುಂದಿನ ಹಂತ. ಆದ್ದರಿಂದ "ಬಿ.ಪಿ. ನೋಡಿಸಿದೆವು, ಸರಿಯಾಗಿದೆ" ಎಂದು ನಿಶ್ಚಿಂತರಾಗುವಂತಿಲ್ಲ.

ಮನೆಯಲ್ಲಿಯೇ ಗಮನಿಸಬಹುದಾದ ಗುರುತೆಂದರೆ ಕುಳಿತವರು ಎದ್ದಾಗ ಕಣ್ಣು ಕತ್ತಲಿಡುವುದು. ಮೇಲೆ ಹೇಳಿದ ತಾಯಿಗೆ ಆದದ್ದು ಅದೇ. ನಾಡಿ ನಿಮಿಷಕ್ಕೆ 100ಕ್ಕಿಂತ ಹೆಚ್ಚು ಬಡಿಯುತ್ತಿದ್ದರೆ ಅದೂ ಎಚ್ಚರಿಕೆಯೇ. ಆದರೆ ರಕ್ತದೊತ್ತಡಕ್ಕಾಗಿ ನಾಡಿಯನ್ನು ನಿಧಾನಗೊಳಿಸುವ ಗುಳಿಗೆ ತೆಗೆದುಕೊಳ್ಳುವ ಹಿರಿಯರಲ್ಲಿ ಎಷ್ಟೇ ರಕ್ತ ಹೋದರೂ ನಾಡಿ ಏರದಿರಬಹುದು. ಇನ್ನೊಂದು ಮಾತು: ರಕ್ತ ಸೋರಿದ ಮೊದಲ ಕೆಲವು ಗಂಟೆಗಳಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯ ಅಂಕಿ ಇಳಿದಿರುವುದಿಲ್ಲ. ಉಳಿದ ರಕ್ತ ತೆಳುವಾದ ಮೇಲೆಯೇ ಅಂಕಿ ಇಳಿಯುತ್ತದೆ.

ಹೊಟ್ಟೆನೋವು ಇಲ್ಲವೆಂದು ಧೈರ್ಯ ತಾಳುವುದೂ ತಪ್ಪು. ನೋವಿನ ಗುಳಿಗೆ ನುಂಗುವ ಹಿರಿಯರಲ್ಲಿ ಹುಣ್ಣು ನೋವಿಲ್ಲದೆಯೇ ಬೆಳೆದು ನೇರವಾಗಿ ರಕ್ತಸ್ರಾವದಿಂದಲೇ ಪ್ರಕಟವಾಗುವುದು ಸಾಮಾನ್ಯ.

ಕೆಲವರಲ್ಲಿ ರಕ್ತ ದಿನವೂ ಅಷ್ಟಿಷ್ಟೇ ಸೋರುತ್ತದೆ. ಮಲದ ಬಣ್ಣವೂ ಬದಲಾಗುವುದಿಲ್ಲ. ತಿಂಗಳುಗಳು ಕಳೆದಂತೆ ಮುಖ ಬಿಳಿಚುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಯಾವ ಕೆಲಸಕ್ಕೂ ಮನಸ್ಸಿಲ್ಲ. "ವಯಸ್ಸಾಯಿತು" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಂಡರೆ ಟಾನಿಕ್ ಕುಡಿಸಿ ಸುಮ್ಮನಾಗದೆ, ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಿಸಬೇಕು. ಜಠರದ ಅಥವಾ ಕರುಳಿನ ಕ್ಯಾನ್ಸರ್ ಹೀಗೆಯೇ ಮೊದಲ ಸುಳಿವು ಕೊಡುವುದುಂಟು.

ನೋವಿನ ಗುಳಿಗೆಯ ಅಪಾಯ

ಈ ರಕ್ತಸ್ರಾವಕ್ಕೆ ಬಹು ದೊಡ್ಡ ಕಾರಣ ಜಠರದ ಹಾಗೂ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು. ಮೆಣಸಿನಕಾಯಿ ತಿಂದುದರಿಂದ ಹುಣ್ಣಾಯಿತೆಂದು ನಾವು ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಖಾರ ಉರಿಯನ್ನು ಹೆಚ್ಚಿಸಬಹುದೇ ಹೊರತು ಹುಣ್ಣಿನ ಮೂಲ ಅದಲ್ಲ. ಮೂಲ ಕಾರಣಗಳು ಮುಖ್ಯವಾಗಿ ಎರಡು.

ಮೊದಲನೆಯದು ನೋವಿನ ಗುಳಿಗೆ. ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಆಸ್ಪಿರಿನ್ ಮೊದಲಾದವು ಈ ಗುಂಪಿನವು. ಜಠರದ ಒಳಪದರವನ್ನು ಅದರದೇ ಆಮ್ಲದಿಂದ ಕಾಯುವ ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತು ದೇಹದಲ್ಲಿ ಹುಟ್ಟುತ್ತದೆ. ನೋವು ಹುಟ್ಟಿಸುವುದರಲ್ಲಿಯೂ ಇದೇ ಬಗೆಯ ವಸ್ತುಗಳ ಕೈಯಿದೆ. ಗುಳಿಗೆ ಅದರ ಉತ್ಪತ್ತಿಯನ್ನು ತಡೆದಾಗ ನೋವು ಶಮನವಾಗುವುದರ ಜೊತೆಗೆ ಜಠರದ ಕಾವಲೂ ಸಡಿಲವಾಗುತ್ತದೆ. ಔಷಧ ರಕ್ತದಲ್ಲಿ ಬೆರೆತು ಈ ಕೆಲಸ ಮಾಡುವುದರಿಂದ "ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ಏನೂ ಆಗದು" ಎಂಬ ಮಾತು ಸರಿಯಲ್ಲ. ಊಟದ ನಂತರ ನುಂಗಿದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ವಯಸ್ಸು ಅರವತ್ತು ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಸ್ಟೀರಾಯ್ಡ್ ಅಥವಾ ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ಹೆಚ್ಚು ಜಾಗರೂಕರಾಗಿರಬೇಕು. ಮೊಣಕಾಲಿಗೆ ಮೇಲೆ ಹಚ್ಚುವ ಮುಲಾಮಿನಿಂದ ಈ ಅಪಾಯ ಬಹಳ ಕಡಿಮೆ. ಪ್ಯಾರಾಸಿಟಮಾಲ್ ಅನ್ನು ಮಿತಿಯಲ್ಲಿ ತೆಗೆದುಕೊಂಡರೆ ಜಠರಕ್ಕೆ ಇಂತಹ ಹಾನಿಯಿಲ್ಲ. ನೋವಿನ ಗುಳಿಗೆ ದೀರ್ಘಕಾಲ ಅನಿವಾರ್ಯವಾದರೆ ಆಮ್ಲ ತಗ್ಗಿಸುವ ಔಷಧವನ್ನು ಜೊತೆಗೆ ಕೊಡಬೇಕೆ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಹೃದಯರೋಗಿಗಳಿಗೆ ಇಲ್ಲೊಂದು ಸೂಚನೆ. ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಗುಳಿಗೆಯನ್ನು ಈ ಲೇಖನ ಓದಿ ತಾವಾಗಿಯೇ ನಿಲ್ಲಿಸಬಾರದು. ಅದರಿಂದ ಹೃದಯಾಘಾತದ ಅಪಾಯ ಹೆಚ್ಚೀತು. ಕಪ್ಪು ಮಲ ಕಂಡರೆ ಆಸ್ಪತ್ರೆಗೆ ಹೋಗಿ, ಆ ಗುಳಿಗೆಯ ವಿಚಾರವನ್ನು ಮೊದಲು ತಿಳಿಸಬೇಕು.

ಎರಡನೆಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಜೀವಿ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಆಮ್ಲ ತುಂಬಿದ ಜಠರದಲ್ಲಿ ಜೀವಿಯೊಂದು ಬದುಕಿ ರೋಗ ತರುವುದೆಂದರೆ ಅಂದಿನ ವೈದ್ಯಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಜೀವಿಗಳನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾಗಿ ತಮ್ಮ ಮಾತನ್ನು ಸಮರ್ಥಿಸಿದರು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಈ ಜೀವಿ ನಮ್ಮ ದೇಶದಲ್ಲಿ ಬಹಳ ಜನರ ಜಠರದಲ್ಲಿದೆ. ಎಲ್ಲರಿಗೂ ಹುಣ್ಣಾಗುವುದಿಲ್ಲ. ಆದರೆ ಹುಣ್ಣಾದವರಲ್ಲಿ ಇದನ್ನು ಪರೀಕ್ಷಿಸಿ, ಸಾಮಾನ್ಯವಾಗಿ 14 ದಿನಗಳ ಔಷಧದಿಂದ ನಿರ್ಮೂಲ ಮಾಡಿದರೆ ಹುಣ್ಣು ಮರುಕಳಿಸುವುದು ಬಹುಮಟ್ಟಿಗೆ ತಪ್ಪುತ್ತದೆ. ಮಧ್ಯದಲ್ಲಿ ಗುಣವೆನಿಸಿದರೂ ಗುಳಿಗೆ ಬಿಡಬಾರದು.

ಮುಚ್ಚಿಡಬಾರದ ಮಾತು

ಯಕೃತ್ತು ಕೆಟ್ಟು ಗಟ್ಟಿಯಾದಾಗ ಅದರ ಮೂಲಕ ಹರಿಯಬೇಕಾದ ರಕ್ತಕ್ಕೆ ತಡೆಯುಂಟಾಗಿ, ಅನ್ನನಾಳದ ಕೆಳಭಾಗದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ಬೊಗಸೆಗಟ್ಟಲೆ ರಕ್ತ ವಾಂತಿಯಾಗುತ್ತದೆ. ಈ ಕಾಯಿಲೆಯ ರಕ್ತಸ್ರಾವಗಳಲ್ಲಿ ಅತ್ಯಂತ ಭೀಕರವಾದುದು ಇದೇ. ಯಕೃತ್ತು ಕೆಡಲು ಮದ್ಯಪಾನವೊಂದೇ ಕಾರಣವಲ್ಲ. ಬಿ ಮತ್ತು ಸಿ ಬಗೆಯ ಕಾಮಾಲೆ ವೈರಸ್, ಮಧುಮೇಹ ಮತ್ತು ಬೊಜ್ಜಿನೊಡನೆ ಬರುವ ಯಕೃತ್ತಿನ ಕೊಬ್ಬು ಸಹ ಅದಕ್ಕೆ ದಾರಿ ಮಾಡುತ್ತವೆ. ಆದ್ದರಿಂದ ಹನಿ ಮದ್ಯ ಮುಟ್ಟದವರನ್ನೂ ಸಂಶಯದಿಂದ ನೋಡುವುದು ಬೇಡ.

ಆದರೆ ಕುಡಿತದ ಚಟ ಇದ್ದೂ ಮನೆತನದ ಮರ್ಯಾದೆಗೆ ಅಂಜಿ ಅದನ್ನು ಮುಚ್ಚಿಡುವ ಕುಟುಂಬಗಳೂ ಇವೆ. ವೈದ್ಯರು ಕೇಳಿದಾಗ ತಂದೆತಾಯಿಗಳು "ನಮ್ಮ ಹುಡುಗ ಅಂಥವನಲ್ಲ" ಎಂದು ಹೇಳುವುದನ್ನು ನಾವು ಕಂಡಿದ್ದೇವೆ. ಹುಣ್ಣಿನ ಸ್ರಾವಕ್ಕೂ ಉಬ್ಬಿದ ನಾಳದ ಸ್ರಾವಕ್ಕೂ ಕೊಡುವ ಮೊದಲ ಔಷಧಗಳು ಬೇರೆಬೇರೆ. ಅಲ್ಲಿ ಹೇಳಿದ ಒಂದು ಸುಳ್ಳು ರೋಗಿಯ ಅಮೂಲ್ಯ ಸಮಯವನ್ನು ಕಳೆಯುತ್ತದೆ. ವೈದ್ಯರ ಮುಂದೆ ನಿಜ ಹೇಳುವುದರಿಂದ ಯಾವ ಮನೆತನದ ಮಾನವೂ ಹೋಗುವುದಿಲ್ಲ.

ಮೇಲಿಂದ ಮೇಲೆ ಬಲವಾಗಿ ವಾಂತಿಯಾದಾಗ ಅನ್ನನಾಳ ಮತ್ತು ಜಠರ ಕೂಡುವಲ್ಲಿ ಪದರ ಸೀಳಿ ರಕ್ತ ಬರುವುದೂ ಉಂಟು. ಮೊದಲ ವಾಂತಿಗಳಲ್ಲಿ ರಕ್ತವಿರದೆ ಅನಂತರ ಕಾಣಿಸಿದರೆ ಇದನ್ನು ಊಹಿಸಬಹುದು. ಇದು ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆಯಾದರೂ ಆ ತೀರ್ಮಾನ ಮನೆಯಲ್ಲಿ ಆಗತಕ್ಕದ್ದಲ್ಲ.

ಆ ಗಳಿಗೆಯಲ್ಲಿ ಮಾಡಬೇಕಾದುದು

ರಕ್ತದ ವಾಂತಿ, ಕಾಫಿ ಗಷ್ಟಿನಂತಹ ವಾಂತಿ, ಡಾಂಬರಿನಂತಹ ಮಲ, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ಅದೇ ಹೊತ್ತಿನಲ್ಲಿ ಆಸ್ಪತ್ರೆ ಸೇರಬೇಕು. ತಲೆಸುತ್ತು, ತಣ್ಣನೆಯ ಬೆವರು, ಮಂಕು ಇದ್ದರಂತೂ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು. ಹಳ್ಳಿಯಿಂದ ಹೊರಡುವವರು ಸಾಧ್ಯವಾದರೆ ರಕ್ತನಿಧಿ ಮತ್ತು ಎಂಡೊಸ್ಕೊಪಿ ಸೌಲಭ್ಯ ಇರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ಅಲ್ಲಿಗೇ ಹೋಗುವುದು ಲೇಸು. ಆದರೆ ರೋಗಿ ಕುಸಿಯುತ್ತಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ದ್ರವ ಹಾಕಿಸಿಕೊಂಡೇ ಮುಂದೆ ಸಾಗಬೇಕು.

ರೋಗಿಯನ್ನು ನಡೆಸಬಾರದು, ಸ್ಕೂಟರಿನ ಹಿಂದೆ ಕೂರಿಸಬಾರದು. ವಾಂತಿಯಾಗುತ್ತಿದ್ದರೆ ಎಡಮಗ್ಗುಲಾಗಿ ಮಲಗಿಸಬೇಕು. ಹಾಗಾದರೆ ರಕ್ತ ಶ್ವಾಸನಾಳಕ್ಕೆ ಇಳಿಯುವ ಭಯ ಕಡಿಮೆ. ಹಾಲು ಹುಣ್ಣನ್ನು ತಣಿಸುತ್ತದೆ, ಎಳನೀರು ಶಕ್ತಿ ಕೊಡುತ್ತದೆ ಎಂದು ಬಾಯಿಗೆ ಏನನ್ನೂ ಹಾಕಬಾರದು. ಹೊಟ್ಟೆ ತುಂಬಿದ್ದರೆ ಒಳಗೆ ನೋಡಿ ಸ್ರಾವ ನಿಲ್ಲಿಸುವುದು ವೈದ್ಯರಿಗೆ ಕಷ್ಟವಾಗುತ್ತದೆ. ನೋವಿನ ಗುಳಿಗೆಯನ್ನಂತೂ ಕೊಡಲೇಬಾರದು. ರೋಗಿ ನುಂಗುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನು, ನಾಟಿ ಔಷಧದ ಪುಡಿಯಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ರಕ್ತ ಕೊಡಬಲ್ಲ ಇಬ್ಬರು ಬಂಧುಗಳು ಜೊತೆಗಿದ್ದರೆ ಒಳ್ಳೆಯದು.

ಆಸ್ಪತ್ರೆಯಲ್ಲಿ ಮೊದಲು ದ್ರವ ಮತ್ತು ಅಗತ್ಯವಿದ್ದರೆ ರಕ್ತ ಕೊಟ್ಟು ರೋಗಿಯನ್ನು ಸ್ಥಿರಗೊಳಿಸುತ್ತಾರೆ. ಅನಂತರ ಸಾಮಾನ್ಯವಾಗಿ 24 ಗಂಟೆಗಳೊಳಗೆ ಎಂಡೊಸ್ಕೊಪಿ ಮಾಡುತ್ತಾರೆ. ಬಾಗುವ ತೆಳು ನಳಿಕೆಯೊಂದನ್ನು ಬಾಯಿಯ ಮೂಲಕ ಇಳಿಸಿ ಒಳಗನ್ನು ಕಣ್ಣಾರೆ ನೋಡುವ ವಿಧಾನವಿದು. ಹುಣ್ಣಿನ ನಾಳಕ್ಕೆ ಸಣ್ಣ ಕ್ಲಿಪ್ಪು ಹಾಕಿ ಅಥವಾ ಶಾಖ ಕೊಟ್ಟು ಮುಚ್ಚುತ್ತಾರೆ. ಉಬ್ಬಿದ ನಾಳಗಳಿಗೆ ರಬ್ಬರ್ ಉಂಗುರ ತೊಡಿಸುತ್ತಾರೆ. ಹೀಗಾಗಿ ಹೊಟ್ಟೆ ಕೊಯ್ಯುವ ಪ್ರಸಂಗ ಇಂದು ವಿರಳ. "ಪೈಪು ಹಾಕುತ್ತಾರಂತೆ" ಎಂದು ಹೆದರಿ ಮನೆಗೆ ಕರೆತರುವ ಬಂಧುಗಳು ಈ ಮಾತನ್ನು ನೆನಪಿಡಬೇಕು.

ಹುಣ್ಣು ಮೊದಲಾದವುಗಳಿಂದಾಗುವ ರಕ್ತಸ್ರಾವ ನೂರರಲ್ಲಿ ಸುಮಾರು 80 ಜನರಲ್ಲಿ ತಾನಾಗಿಯೇ ನಿಲ್ಲುತ್ತದೆ. ಜನ ಉದಾಸೀನ ಮಾಡಲು ಇದೂ ಒಂದು ಕಾರಣ. ಒಮ್ಮೆ ಕಪ್ಪಗೆ ಹೋಯಿತು, ಮಾರನೆಯ ದಿನ ಆರಾಮವೆನಿಸಿತು, ವಿಷಯ ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ನಿಂತ ಸ್ರಾವ ಮತ್ತೆ ಆರಂಭವಾಗಬಹುದು, ಎರಡನೆಯ ಸಲದ ಸ್ರಾವ ಮೊದಲಿನದಕ್ಕಿಂತ ಘೋರವಾಗಿರಬಹುದು. ನಿಂತಿರುವ ಆ ಅವಧಿಯೇ ಚಿಕಿತ್ಸೆಗೆ ದೊರೆತ ಅವಕಾಶ.

ನಮ್ಮ ಹಿರಿಯರು ತಮ್ಮ ದೇಹದ ಕಷ್ಟವನ್ನು ಹೇಳಿಕೊಳ್ಳುವವರಲ್ಲ. ಮಕ್ಕಳಿಗೆ ಭಾರವಾಗಬಾರದೆಂಬ ಸಂಕೋಚ ಒಂದು ಕಡೆ, ಮಲಮೂತ್ರದ ಮಾತೆಂಬ ನಾಚಿಕೆ ಇನ್ನೊಂದು ಕಡೆ. ಕಣ್ಣು ಮಂದವಾದವರಿಗೆ ಮಬ್ಬುಗತ್ತಲೆಯ ಶೌಚಾಲಯದಲ್ಲಿ ಬಣ್ಣವೇ ತಿಳಿಯದು. ಆದ್ದರಿಂದ ಶೌಚಾಲಯಕ್ಕೆ ಒಳ್ಳೆಯ ದೀಪ ಹಾಕಿಸಿರಿ. ಮನೆಯಲ್ಲಿ ಯಾರು ಯಾವ ಗುಳಿಗೆ ನುಂಗುತ್ತಿದ್ದಾರೆಂಬುದನ್ನು ಒಮ್ಮೆ ನೋಡಿರಿ. ಹಿರಿಯರ ಮುಖ ಬಿಳಿಚಿದ್ದು ಕಂಡಾಗ, ಎದ್ದಾಗ ತಲೆ ಸುತ್ತಿತೆಂದು ಅವರು ಹೇಳಿದಾಗ, ಆ ಸೊಸೆ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿರಿ. ಕೇಳಿಸಿಕೊಂಡ ಹಿರಿಯರೂ ಮುಚ್ಚಿಡದೆ ಉತ್ತರ ಹೇಳಲಿ.